ಮೂಗಮ್ಮನ ನಾಲ್ಕು ಅಂಕಿ

ದೇವಸಮುದ್ರದ ಕಡೆ ಕುರಿ ಸಾಕಿದವರನ್ನು ಯಾರೂ 'ಎಷ್ಟು ಕುರಿ ಇವೆ?' ಎಂದು ಕೇಳುವುದಿಲ್ಲ. ಹೊಸಬರು ತಿಳಿಯದೆ ಕೇಳಿದರೆ 'ಅವೆ ಒಂದಷ್ಟು' ಎಂಬ ಉತ್ತರ ಬರುತ್ತದೆ. ಹತ್ತು ಕುರಿ ಇದ್ದವನೂ ಅದನ್ನೇ ಹೇಳುತ್ತಾನೆ, ಇನ್ನೂರು ಇದ್ದವನೂ ಅದನ್ನೇ ಹೇಳುತ್ತಾನೆ. ಲೆಕ್ಕ ಬಾಯಿಗೆ ಬಂದರೆ ಆ ವಾರದೊಳಗೆ ಎರಡಾದರೂ ಕಡಿಮೆಯಾಗುತ್ತವೆ ಎಂದು ಅವರ ನಂಬಿಕೆ.

ಈ ಉತ್ತರವನ್ನು ಮೊದಲ ಸಲ ಕೇಳಿದಾಗಲೇ ನನಗೆ ಹಿಡಿಸಿತ್ತು. ನಾನು ಮಾತಿಗಿಂತ ಮಾತಿನ ನಡುವಿನ ಬಿಡುವನ್ನು ಹೆಚ್ಚು ಕೇಳಿಸಿಕೊಳ್ಳುವವನು. ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕನಾದವನು ಒಂದು ಸೆಮಿಸ್ಟರ್ ದಾಟಲಿಲ್ಲ. ಪಾಠದ ಮಧ್ಯೆ ನಾನು ಬಿಡುತ್ತಿದ್ದ ಬಿಡುವುಗಳಲ್ಲಿ ವಿದ್ಯಾರ್ಥಿಗಳು ಎದ್ದು ಹೋಗುತ್ತಿದ್ದರು. ಕೊನೆಗೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಓಂಕಾರಮೂರ್ತಿಯವರ ಕಂಪ್ಯೂಟರ್ ಅಂಗಡಿ ಸೇರಿದೆ. ಕಂಪ್ಯೂಟರುಗಳಿಗೆ ನನ್ನ ಮೌನದಿಂದ ತೊಂದರೆಯಿರಲಿಲ್ಲ.

ದೇವಸಮುದ್ರದ ಕುರಿ ಸಾಕುವವರ ಸಂಘದ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ಹಳೆಯದು ಎದ್ದೇಳಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಒಂದು ಸೋಮವಾರ ಹೋಗಿ ಹೊಸದನ್ನು ಹಾಕಿ, ಕೊನೆಗೆ ಸಂಘದ ಅಧ್ಯಕ್ಷೆ ಮೂಗಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿದೆ. ಅರವತ್ತು ದಾಟಿದ ಹೆಂಗಸು. ಅಕ್ಷರ ಬಾರದು, ಆದರೆ ಅಂಕಿ ಚೆನ್ನಾಗಿ ಬರುತ್ತವೆ. ಅದಕ್ಕೇ ಅವರಿಗೆ ಪಿನ್ ಇಟ್ಟುಕೊಡಲು ಯೋಚಿಸಿದ್ದೆ.

"ಅವ್ವಾ, ಇದಕ್ಕೆ ನಾಲ್ಕು ಅಂಕಿ ಹಾಕಬೇಕು. ನಿಮಗೆ ಎಂದೂ ಮರೆಯದಂಥದ್ದು, ಬೇರೆ ಯಾರಿಗೂ ಗೊತ್ತಿಲ್ಲದಂಥದ್ದು."

"ಯಾರ್ಗೂ ಹೇಳ್ಬಾರ್ದಾ?"

"ಯಾರಿಗೂ. ನನಗೂ ಹೇಳ್ಬೇಡಿ."

"ಮರ್ಯಾದಸ್ಥ ಮಿಷನ್ನು ಕಣಪ್ಪ ಇದು," ಎಂದು ಮೂಗಮ್ಮ ಮೆಚ್ಚಿಕೊಂಡರು. ಆಮೇಲೆ ಮಾಡಿನ ಹಂಚಿನ ಕಡೆ ನೋಡಿ ತುಟಿ ಆಡಿಸಿದರು. "ನಾಲ್ಕೇ ಅಲ್ವಾ? ಹೇಳ್ಮಾಡ್ಸಿದಂಗ್ ಕೂತ್ಕಂತೈತೆ."

ನಾನು ಗೋಡೆಯ ಕಡೆ ತಿರುಗಿದೆ. ಒಂದೇ ಬೆರಳಿನ ಬಡಿತ ಕೇಳಿಸಿತು: ಎರಡು ಬಡಿತ, ಸಣ್ಣ ಬಿಡುವು, ಮತ್ತೆರಡು ಬಡಿತ. ಖಚಿತಕ್ಕೆ ಇನ್ನೊಮ್ಮೆ ಹಾಕಿಸಿದೆ. ಅದೇ ಎರಡು, ಬಿಡುವು, ಎರಡು. ಕಂಪ್ಯೂಟರ್ ತೆರೆಯಿತು. ಪಿನ್ ಮರೆತರೆ ಇರಲಿ ಎಂದು ಉದ್ದನೆಯ ಪಾಸ್‌ವರ್ಡ್ ಒಂದನ್ನು ಕಾಗದದಲ್ಲಿ ಬರೆದು ಕಾರ್ಯದರ್ಶಿ ಚಿಕ್ಕೀರಪ್ಪನವರ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ಹದಿನೇಳು ದಿನದ ನಂತರ, ಸಂಜೆ, ಅಂಗಡಿಗೆ ಚಿಕ್ಕೀರಪ್ಪನವರ ಫೋನು ಬಂತು.

"ಸಾರ್, ನಿಮ್ಮ ಹೊಸಾ ಸಿಸ್ಟಮ್ಮು ನಮ್ಮ ಅಧ್ಯಕ್ಷರ್ನ ಗುರ್ತ್ ಹಿಡೀತಿಲ್ಲ."

"ಪಿನ್ ಹಾಕಿದರಾ?"

"ಮೂರ್ ಸಲ ಹಾಕಿದ್ರು. ತಪ್ಪು ಅಂತೈತೆ. ಇವ್ರು ನಮ್ಮ ಅಧ್ಯಕ್ಷರೇ, ಮೂವತ್ತೊರ್ಸದಿಂದ ನೋಡ್ತಿದೀನಿ ಅಂತ ನಾನೇ ಎದುರ್ಗೆ ನಿಂತ್ಕಂಡು ಹೇಳ್ದೆ. ಕೇಳಲ್ಲ."

"ಅಂಕಿಗಳ ಮೇಲ್ಗಡೆ ಸಣ್ಣ ಲೈಟ್ ಉರೀತಿದೆಯಾ ನೋಡಿ."

"ಕರೆಂಟು ಈಗ್ತಾನೆ ಬಂತು ಸಾರ್, ಎಲ್ಲಾ ಲೈಟೂ ಉರೀತಾವೆ."

"ಸರಿ. ಒಮ್ಮೆ ಆರಿಸಿ, ಮತ್ತೆ ಹಾಕಿ."

ಫೋನಿನಲ್ಲಿ ಹಿಂದೆ ಕೇಳಿಸುತ್ತಿದ್ದ ಗಿರಣಿಯ ಸದ್ದು ನಿಂತಿತು. ಆಮೇಲೆ ಯಾರೋ ಕೂಗಾಡುವುದು ಕೇಳಿಸಿತು.

"ಆರ್ಸಿ ಹಾಕ್ದೆ ಸಾರ್. ಮೈನ್ ಸ್ವಿಚ್ಚು. ಪಕ್ಕದ ಹಿಟ್ಟಿನ ಗಿರಣಿಯೋನು ಬೈತಾವ್ನೆ, ನೀವೊಂದ್ ಮಾತ್ ಹೇಳ್ರಿ ಅವ್ನಿಗೆ."

ನಾನು ಗಿರಣಿಯವನ ಜೊತೆ ಮಾತಾಡಲಿಲ್ಲ. ಬದಲಿಗೆ, ಕೊಟ್ಟು ಬಂದಿದ್ದ ಪಾಸ್‌ವರ್ಡಿನ ಕಾಗದ ಎಲ್ಲಿದೆ ಎಂದು ಕೇಳಿದೆ.

"ಭದ್ರವಾಗೈತೆ," ಎಂದರು ಚಿಕ್ಕೀರಪ್ಪ ಹೆಮ್ಮೆಯಿಂದ. "ಎಲ್ಲಾರ ಕಳ್ದೋದಾತು ಅಂತ ಶ್ರುತಿ ಕೈಲಿ ಫೋಟೋ ತೆಗ್ಸಿ ಕಂಪ್ಯೂಟರ್ ಒಳಗೇ ಇಡ್ಸಿದೀನಿ."

"ಕಾಗದ?"

"ಸುಟ್ಟಾಕ್ದೆ. ಯಾರ್ ಕೈಗಾದ್ರೂ ಸಿಕ್ಕಿದ್ರೆ?"

"ಶ್ರುತಿಯ ಮೊಬೈಲಿನಲ್ಲಿ ಆ ಫೋಟೋ ಇರಬೇಕಲ್ಲ?"

"ಅದ್ನೂ ನಾನೇ ನಿಂತು ಅಳಿಸ್ದೆ ಸಾರ್. ಅಷ್ಟೂ ಜವಾಬ್ದಾರಿ ಇಲ್ಲ ಅನ್ಕಂಡ್ರಾ?"

ಎಲ್ಲ ಮೌನಗಳೂ ನನಗೆ ಇಷ್ಟವಲ್ಲ ಎಂದು ಆಗ ತಿಳಿಯಿತು.

ಆ ಪಾಸ್‌ವರ್ಡ್ ನನಗೂ ನೆನಪಿರಲಿಲ್ಲ. ಅಂಗಡಿಯ ನಿಯಮದಂತೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ನಾವು ಬರೆದಿಟ್ಟುಕೊಳ್ಳುವಂತೆಯೂ ಇಲ್ಲ. ಆ ಹೊತ್ತಿಗೆ ತಲೆಯಲ್ಲಿ ಏನು ಯೋಚನೆ ಓಡುತ್ತಿತ್ತೋ ಅದರ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿಬಿಡುತ್ತಿದ್ದೆ. ದಿನವೂ ಅಷ್ಟೊಂದು ಯೋಚಿಸುವವನಿಗೆ ಒಂದು ನಿರ್ದಿಷ್ಟ ಸೋಮವಾರದ ಯೋಚನೆ ಯಾವುದೆಂದು ಹೇಗೆ ಗೊತ್ತಾಗಬೇಕು? ರಾತ್ರಿಯೆಲ್ಲ ಎಪ್ಪತ್ತು ಯೋಚನೆಗಳನ್ನು ನೆನೆಸಿಕೊಂಡು ನೋಡಿದೆ. ಯಾವುದೂ ಆ ಸೋಮವಾರದ್ದು ಅನ್ನಿಸಲಿಲ್ಲ.

"ಫಾರ್ಮ್ಯಾಟ್ ಹೊಡ್ದು ಬಾರೋ ಮಾರಾಯ, ಅರ್ಧ ಗಂಟೆ ಕೆಲ್ಸ," ಎಂದರು ಓಂಕಾರಮೂರ್ತಿ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಓದಲು ಬರುವುದಿಲ್ಲ, ಹೊಸ ಸಿಸ್ಟಮ್ ಡಿಸ್ಕಿಗೇ ಬೀಗ ಹಾಕಿಕೊಂಡಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಒಳಗೆ ಸಂಘದ ಒಂದು ಪಟ್ಟಿ ಇದೆ, ಅದು ಹೋಗಬಾರದು ಎಂದು ಚಿಕ್ಕೀರಪ್ಪ ಫೋನಿನಲ್ಲೇ ಹೇಳಿದ್ದರು; ಫಾರ್ಮ್ಯಾಟ್ ಮಾಡಿದರೆ ಅದು ಹೋಗುತ್ತಿತ್ತು. ಆ ಪಟ್ಟಿ ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಮರುದಿನ, ಶುಕ್ರವಾರ ಬೆಳಿಗ್ಗೆ.

ಅಂಕಿಯ ಕೀ ಯಾವುದಾದರೂ ಕೆಟ್ಟಿರಬಹುದೆಂದು ಹೊಸ ಕೀಬೋರ್ಡ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಎರಡು ಬಸ್ಸು ಬದಲಿಸಿ ದೇವಸಮುದ್ರ ಮುಟ್ಟುವಾಗ ಹತ್ತು ಗಂಟೆ.

ಸಂಘದ ಕಚೇರಿ ಗಿರಣಿಯ ಪಕ್ಕದ ಒಂದೇ ಕೋಣೆ. ಹೊರಗೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕಂಬಳಿ ಹೊದ್ದು ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನನ್ನ ಕೀಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನೆಲ ನೋಡಿದರು. ಅಂಥ ಮೌನ ಸಿಗುವುದು ಅಪರೂಪ. ಆದರೆ ಅದರಲ್ಲಿ ನನ್ನ ಮೇಲಿನ ಸಿಟ್ಟೂ ಇತ್ತು.

ಒಳಗೆ ಸಂಘದ ಟೈಪಿಂಗ್ ನೋಡಿಕೊಳ್ಳುವ ಶ್ರುತಿ ವಿಷಯವನ್ನು ಬಿಡಿಸಿ ಹೇಳಿದಳು. ಆಕೆ ಮೊಳಕಾಲ್ಮೂರಿನ ಮಗ್ಗದ ಮನೆಯವಳು, ದಿನಾ ಬಸ್ಸಿಗೆ ಬಂದುಹೋಗುತ್ತಾಳೆ.

"ಗಡಿಯಾಚೆ ಹಳ್ಳಿಗಳಿಗೆ ಹಿರೇಬೇನೆ ಬಂದಿದೆ ಸಾರ್. ಕುರಿಗಳು ಮೂಗು ಬಾಯಿ ಸೋರಿಕೊಂಡು ಬೀಳ್ತಿವೆ. ಇವತ್ತು ಮಧ್ಯಾಹ್ನ ಇಲ್ಲಿಗೆ ಲಸಿಕೆ ಗಾಡಿ ಬರಬೇಕು. ಯಾರ ಮನೇದು ಎಷ್ಟು ಕುರಿ, ಎಷ್ಟು ಮೇಕೆ ಅಂತ ಪಟ್ಟಿ ಹನ್ನೆರಡು ಗಂಟೆಯೊಳಗೆ ಮೊಳಕಾಲ್ಮೂರು ಆಸ್ಪತ್ರೆಗೆ ಹೋಗಬೇಕು. ಆ ಲೆಕ್ಕದ ಮೇಲೇ ಐಸ್ ಡಬ್ಬಿಗೆ ಲಸಿಕೆ ತುಂಬೋದು. ಅಂದಾಜು ಹೇಳಿದರೆ ಆಗಲ್ಲವಂತೆ, ಒಡೆದ ಬಾಟ್ಲಿ ಉಳಿದರೆ ಕೆಟ್ಟುಹೋಗುತ್ತಂತೆ. ಇವತ್ತು ತಪ್ಪಿದರೆ ಮತ್ತೆ ನಮ್ಮ ಸರದಿ ಎರಡು ತಿಂಗಳಿಗೆ."

"ಮತ್ತೊಂದು ಪಟ್ಟಿ ಮಾಡಬಹುದಲ್ಲ? ಜನ ಹೊರಗೇ ಕೂತಿದ್ದಾರೆ."

ಶ್ರುತಿ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಅಯ್ಯೋ ರಾಮ, ಅದು ಮಾತ್ರ ಕೇಳಬೇಡಿ."

ಉಳಿದದ್ದನ್ನು ಮೂಗಮ್ಮನವರೇ ಹೇಳಿದರು. ಪಟ್ಟಿ ಕೊಡಿ ಎಂದಾಗ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಮೂರು ಸಲ ಸಭೆ ಕರೆದರೂ 'ಅವೆ ಒಂದಷ್ಟು' ಎಂದು ಹೇಳಿ ಎದ್ದು ಹೋಗಿದ್ದರು. ಕೊನೆಗೆ ಮೂಗಮ್ಮ ಈ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಒಳಗೆ ಕರೆದು ಕಿವಿಯಲ್ಲಿ ಹೇಳಿಸಿಕೊಂಡು, ಅದನ್ನು ಶ್ರುತಿಯ ಕಿವಿಯಲ್ಲಿ ಹೇಳಿ ಟೈಪು ಮಾಡಿಸಿದ್ದರು. ಶ್ರುತಿಯ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ, ಕುರಿಯಿಲ್ಲ; ಕುರಿ ಇಲ್ಲದವರ ಕಣ್ಣು ಕುರಿಗೆ ತಾಗುವುದಿಲ್ಲ. ಇದು ನಾನು ಕಂಪ್ಯೂಟರ್ ಸರಿಮಾಡಿ ಹೋದ ಮರುದಿನ. ನಲವತ್ತೊಂದು ಮನೆಯ ಲೆಕ್ಕ. ಮೂಗಮ್ಮ ತಮ್ಮದನ್ನು ಮಾತ್ರ ಶ್ರುತಿಗೂ ಹೇಳದೆ ತಾವೇ ಒತ್ತಿದ್ದರು. ಕಾಗದದ ಮೇಲೆ ಬರೆಯಬಾರದು, ಎರಡನೇ ಸಲ ಕೇಳಬಾರದು, ಗಾಡಿಯ ದಿನ ಗೊತ್ತಾಗುವವರೆಗೆ ಪಟ್ಟಿ ಊರು ಬಿಟ್ಟು ಹೋಗಬಾರದು ಎಂದು ಮಾತಾಗಿತ್ತು. ಅದಾದ ಮೇಲೆ ಮೂಗಮ್ಮ ಮಂದೆಯ ಜೊತೆ ಹೊಲಗಳ ಮೇಲೆ ಮೇಯಿಸಲು ಹೋದವರು ತಿರುಗಿ ಬಂದದ್ದು ನಿನ್ನೆ. ಅವರಿಲ್ಲದೆ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ.

"ನನ್ನ ಮಾತ್ ನಂಬಿ ಬಾಯಿ ಬಿಟ್ರು," ಎಂದರು ಮೂಗಮ್ಮ. "ಈಗ ಸೂಜೀನೂ ಇಲ್ಲ ಅಂದ್ರೆ, ಸುಮ್ ಸುಮ್ನೆ ಲೆಕ್ಕ ಬಾಯ್ಬಿಟ್ಟಂಗಾತಲ್ಲ? ನಾಳೆ ಒಂದ್ ಕುರಿ ಬಿದ್ರೂ ನನ್ ಹೆಸ್ರೇ ಹೇಳ್ತಾರೆ. ಹೇಳ್ಲಿ ಬಿಡು, ಕುರಿ ಉಳೀಬೇಕಲ್ಲಪ್ಪ."

ನಾನು ಹೊಸ ಕೀಬೋರ್ಡ್ ಸಿಕ್ಕಿಸಿದೆ. ಮೂಗಮ್ಮ ಕುರ್ಚಿಯಲ್ಲಿ ಕೂತರು. ನಾವೆಲ್ಲ ಮುಖ ತಿರುಗಿಸಿದೆವು. ಟಕಟಕ ಸದ್ದಾಯಿತು. ಪರದೆಯ ಮೇಲೆ ಪಿನ್ ತಪ್ಪಾಗಿದೆ ಎಂದು ಬಂತು.

"ನೋಡ್ದಾ? ಪೂರ್ತಿ ಹೇಳಾಕೇ ಬಿಡಲ್ಲ. ಅರ್ಧಕ್ಕೇ ತಪ್ಪು ಅಂತೈತೆ. ಮನುಷ್ಯರಾದ್ರೆ ಕೊನೇಗಂಟ ಕೇಳಿಸ್ಕಂಡು ಆಮೇಲೆ ತಪ್ಪು ಅಂತಾರೆ."

ಇದನ್ನು ನಾನು ಅವರ ಸಿಟ್ಟು ಎಂದುಕೊಂಡೆ. ಮಾಹಿತಿ ಎಂದುಕೊಂಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ನಾಲ್ಕು ಸಲ ತಪ್ಪಿದ್ದರಿಂದ ಕಂಪ್ಯೂಟರ್ ಈಗ ಹೊಸ ತಕರಾರು ತೆಗೆಯಿತು. ಮತ್ತೆ ಪ್ರಯತ್ನಿಸಬೇಕಾದರೆ ಎ ಒಂದು ಬಿ ಎರಡು ಸಿ ಮೂರು ಎಂದು ಟೈಪ್ ಮಾಡಿ ತೋರಿಸಿ ಎಂದಿತು. ಶ್ರುತಿ ಟೈಪ್ ಮಾಡಿದಳು.

"ಅಧ್ಯಕ್ಷರಿಗೆ ಅಂಗನವಾಡಿ ಪಾಠ ಒಪ್ಸು ಅಂತೈತಲ್ಲ ಇದು," ಎಂದರು ಚಿಕ್ಕೀರಪ್ಪ.

"ಕುದಾಪುರದಾಗೆ ಕುರಿ ಮೇಯ್ಸೋ ಕಾವಲಿಗೆ ಬೇಲಿ ಹಾಕವ್ರಲ್ಲ, ಅದ್ರ ಗೇಟ್ನಾಗೆ ಗಾರ್ಡ್ ನಿಂತಿರ್ತಾನಲ್ಲ, ಅವ್ನೂ ಹಿಂಗೇ," ಎಂದರು ಮೂಗಮ್ಮ. "ನಾನು ಹುಟ್ಟಿದ್ದೇ ಆ ಕಾವಲ್ನಾಗೆ ಕಣಪ್ಪ ಅಂತ ಹೇಳಿದ್ರೂ ಕಾರ್ಡ್ ತೋರ್ಸು ಅಂದ. ಕಾರ್ಡ್ ತೋರ್ಸಿದ್ರೆ ಇದಲ್ಲ ಅಂದ. ಯಾವ್ದು ಅಂತ ಮಾತ್ರ ಹೇಳ್ಲಿಲ್ಲ."

ಇನ್ನು ಮೂರು ಸಲ ತಪ್ಪಿದರೆ ಅದು ಎರಡು ಗಂಟೆ ಕಾಲ ಬಾಗಿಲು ಹಾಕಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಗಡಿಯಾರದಲ್ಲಿ ಹತ್ತು ಐವತ್ತು. ಮೂಗಮ್ಮನವರನ್ನು ನಿಧಾನವಾಗಿ ಹಾಕಿ ಎಂದು ಬೇಡಿಕೊಂಡು, ಗೋಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿದೆ. ಏನಾದರೂ ಸುಳಿವು ಸಿಗಬೇಕಿದ್ದರೆ ಅದು ಕೇಳಿಸಬೇಕು, ನೋಡಲು ಅವರು ಬಿಡುವುದಿಲ್ಲ.

ಮೂರು ಬಡಿತ. ಸಣ್ಣ ಬಿಡುವು. ಒಂದು ಬಡಿತ. 'ಥೂ' ಎಂಬ ಉದ್ಗಾರ. ಆಮೇಲೆ ಹಟಕ್ಕೆ ಬಿದ್ದಂತೆ ಜೋರಾಗಿ ಇನ್ನೊಂದು ಬಡಿತ.

ತಪ್ಪು.

ಒಟ್ಟು ಐದು. "ಕೊನೆಗೆ ಎಂಟರ್ ಒತ್ತಿದಿರಾ ಅವ್ವಾ?"

"ಅದ್ಯಾಕ್ ಒತ್ಲಿ? ಬೇಡ ಅಂತ ನೀನೇ ಹೇಳ್ಕೊಟ್ಟಿದ್ದೆ."

ಹಾಗಾದರೆ ಐದು ಅಂಕಿ. ನಾಲ್ಕು ಅಂಕಿಯ ಪಿನ್ನಿಗೆ ಈ ಹೆಂಗಸು ಐದು ಅಂಕಿ ಯಾಕೆ ಒತ್ತುತ್ತಾರೆ? ಆ ಸೋಮವಾರ ಎರಡು, ಬಿಡುವು, ಎರಡು. ಇವತ್ತು ಮೂರು, ಬಿಡುವು, ಎರಡು. ಬಿಡುವು ಮಾತ್ರ ಅದೇ. ಬಿಡುವಿನ ಈಚೆ ಒಂದು, ಆಚೆ ಒಂದು ಬೇರೆ ಸಂಗತಿ ಇದೆ ಎಂದು ಅನ್ನಿಸುತ್ತಿತ್ತು. ಆದರೆ ಅದು ಏನೆಂದು ಹೊಳೆಯಲಿಲ್ಲ.

ಆಗ ಬಾಗಿಲು ತಳ್ಳಿಕೊಂಡು ಮೂಗಮ್ಮನವರ ಮೈದುನ ಬೊಮ್ಮಣ್ಣ ಬಂದರು. ಕಂಬಳಿಯ ಮಡಿಕೆಯೊಳಗಿಂದ ಒದ್ದೆ ಕಿವಿಯ ಮರಿಯೊಂದು ಇಣುಕುತ್ತಿತ್ತು.

"ಅತ್ತಿಗಮ್ಮ, ಸುಳಿಕೊಂಬಿನ ಕುರಿ ಈಗ್ತಾನೆ ಈತು."

"ಮತ್ತೊಂದಾ!" ಎಂದರು ಚಿಕ್ಕೀರಪ್ಪ. "ಈ ಹದ್ನೆಂಟ್ ದಿನ್ದಾಗೆ ಮೂಗಕ್ಕನ ಮಂದೇಲಿ..."

"ಬಾಯ್ ಮುಚ್ಚಲೇ!" ಎಂದು ಮೂಗಮ್ಮ ಗದರಿದರು. ಮರಿಯ ಹಣೆ ಸವರಿದರು. ಆಮೇಲೆ ಕಣ್ಣು ಮುಚ್ಚಿ, ಎಡಗೈಯ ಹೆಬ್ಬೆರಳನ್ನು ಬೆರಳಿನ ಒಂದು ಗೆಣ್ಣಿನಿಂದ ಮುಂದಿನ ಗೆಣ್ಣಿಗೆ ಸರಿಸಿದರು. ಒಂದೇ ಗೆಣ್ಣು. ಕಣ್ಣು ಬಿಟ್ಟು ಕುರ್ಚಿ ಎಳೆದುಕೊಂಡರು. "ತಡಿ, ಇದೂ ಬಂತಲ್ಲ, ಇನ್ನೊಂದ್ ಸಲ ಹೊಡೀತೀನಿ."

"ಮುಟ್ಟಬೇಡಿ!" ಎಂದು ಕೂಗಿದೆ. ನಾನು ಕೂಗಿದ್ದು ಕೇಳಿ ನನಗೇ ಗಾಬರಿಯಾಯಿತು. ಮರಿಯೂ ಕೂಗಿತು.

"ಅವ್ವಾ, ನೀವೇನೂ ಹೇಳಬೇಡಿ," ಎಂದೆ ದನಿ ತಗ್ಗಿಸಿ. "ನಾನು ಹೇಳ್ತೀನಿ, ತಪ್ಪಾದರೆ ತಲೆ ಅಲ್ಲಾಡಿಸಿ. ಮೊದಲು ಒತ್ತೋದು ಕುರಿ. ಆಮೇಲೆ ಒಂಚೂರು ತಡೆದು ಒತ್ತೋದು ಮೇಕೆ."

ಮೂಗಮ್ಮ ತಲೆ ಅಲ್ಲಾಡಿಸಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನ್ನನ್ನು ತುಂಬ ಹೊತ್ತು ನೋಡಿದರು.

"ಹೊಲಕ್ ಬಂದು ಎಣ್ಸಿದ್ಯಾ?"

"ಇಲ್ಲ. ಕೇಳಿಸಿಕೊಂಡೆ. ಎಷ್ಟು ಅಂತ ಗೊತ್ತಿಲ್ಲ."

"ಮರೀಬಾರ್ದು ಅಂದೆ, ಯಾರ್ಗೂ ಹೇಳ್ಬಾರ್ದು ಅಂದೆ. ನಂತಾವ ಅಂಥಾದ್ದು ಇನ್ಯಾವ್ದೈತೆ? ಹುಟ್ಟಿದ್ ವರ್ಸ ನಂಗೇ ಗೊತ್ತಿಲ್ಲ."

"ಆದರೆ ಇದು ಆ ಸೋಮವಾರದ ಲೆಕ್ಕ ಇಟ್ಟುಕೊಂಡು ಕೂತಿದೆ ಅವ್ವಾ. ನೀವು ಇವತ್ತಿನದು ಹೇಳ್ತಿದ್ದೀರಿ."

"ಹದ್ನೆಂಟ್ ದಿನ ಆದ್ರೂ ಅದಕ್ಕೆ ಗೊತ್ತಾಗ್ಲಿಲ್ವಾ?"

"ಮರಿ ಹಾಕಿದ್ದು ಅದಕ್ಕೆ ಗೊತ್ತಾಗಲ್ಲ. ಅಂಕಿ ನಾಲ್ಕಾದ ಕೂಡಲೇ ತಪ್ಪು ಅನ್ನುತ್ತೆ, ಐದನೇದು ಕೇಳೋದೇ ಇಲ್ಲ."

"ಮತ್ತೆ ಇಂಥಾದ್ನ ಕುರಿ ಸಂಘಕ್ಕೆ ಯಾಕ್ ತಂದ್ ಹಾಕ್ದೆ?" ಎಂದರು ಮೂಗಮ್ಮ.

"ಆ ದಿನದ ಲೆಕ್ಕ ನೆನಪಿದೆಯಾ?" ಎಂದೆ.

"ಹೋದ್ ಲೆಕ್ಕ ಯಾರ್ ಇಟ್ಕಂತಾರೆ? ಸಂಜೆ ದೊಡ್ಡಿಗೆ ಬಂದಾಗ ಎಷ್ಟೋ ಅಷ್ಟು. ನಿನ್ನೇದು ನೆನಪಿಟ್ಕಂಡ್ರೆ ಇವತ್ತಿಂದು ತಪ್ಪೋಗ್ತೈತೆ."

ಉಳಿದದ್ದು ಒಂದೇ ದಾರಿ. ಆ ಸೋಮವಾರದಿಂದ ಇವತ್ತಿನವರೆಗೆ ಹುಟ್ಟಿದ್ದು, ಸತ್ತದ್ದು, ಹೊರಗೆ ಹೋದದ್ದು ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡು ಹಿಂದಕ್ಕೆ ಹೋಗುವುದು. ಅದನ್ನೂ ಬಾಯಿಬಿಟ್ಟು ಎಣಿಸುವಂತಿಲ್ಲ. ಬೆರಳಿನ ಗೆಣ್ಣುಗಳು ಅಷ್ಟಕ್ಕೆ ಸಾಲುವುದಿಲ್ಲ. ನಾನು ಚೀಲದಿಂದ ಶೇಂಗಾದ ಪೊಟ್ಟಣ ತೆಗೆದು ಮೂಗಮ್ಮನವರ ಮಡಿಲಿಗೆ ಸುರಿದೆ.

"ಎಲ್ರೂ ಗೋಡೆ ನೋಡ್ರಿ," ಎಂದರು ಅವರು.

"ನನ್ ಕಚೇರೀಲಿ ನಾನೂ ಗೋಡೆ ನೋಡ್ಬೇಕಾ?" ಎಂದರು ಚಿಕ್ಕೀರಪ್ಪ.

"ನೀನೇ ಮೊದ್ಲು ನೋಡ್ಬೇಕಾದೋನು."

ಶ್ರುತಿ, ಚಿಕ್ಕೀರಪ್ಪ, ನಾನು ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದೆ ಬೊಮ್ಮಣ್ಣ ಮೆಲ್ಲಗೆ ಹೆಸರು ಹೇಳುತ್ತಿದ್ದರು: "ಕರೇಮೂತಿದು... ಕುಂಟಿದು... ದಾಸನ ಹೊಲದಾಗೆ ಈತಲ್ಲ, ಅದು... ಕಿವಿ ಸೀಳಿದ್ದು..." ಪ್ರತಿ ಹೆಸರಿಗೂ ಮಡಿಲಲ್ಲಿ ಒಂದು ಶೇಂಗಾ ಪಕ್ಕಕ್ಕೆ ಸರಿಯುವ ಸದ್ದು. "ತೋಳ ಹೊತ್ಕಂಡೋತಲ್ಲ..." ಎಂದಾಗ ಒಂದು ವಾಪಸು ಬರುವ ಸದ್ದು. ನನ್ನ ಮನಸ್ಸು ತಾನಾಗಿ ಎಣಿಸತೊಡಗಿತು. ಅದನ್ನು ತಡೆಯಲು ಎದುರಿಗಿದ್ದ ಕ್ಯಾಲೆಂಡರಿನಲ್ಲಿ ರಾಹುಕಾಲದ ವೇಳೆ ಓದಿದೆ. ರಾಹುಕಾಲ ಹತ್ತೂವರೆಯಿಂದ ಹನ್ನೆರಡು ಎಂದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ನಡುವೆ ಎಲ್ಲೋ ಒಂದು ಶೇಂಗಾ ನೆಲಕ್ಕೆ ಬಿದ್ದು ಉರುಳಿತು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಸಿಪ್ಪೆ ಒಡೆಯುವ ಸಣ್ಣ ಸದ್ದು ಕೇಳಿಸಿತು. ಕೇಳಿಸಿತು, ಅಷ್ಟೇ, ಆಗ ಅದರ ಅರ್ಥದ ಕಡೆ ನನ್ನ ಗಮನ ಹೋಗಲಿಲ್ಲ.

ಮೂಗಮ್ಮ ಮಡಿಲನ್ನು ಮುಚ್ಚಿ ಹಿಡಿದು ಕುರ್ಚಿಗೆ ಬಂದರು. ಎರಡು ಬಡಿತ. ಬಿಡುವು. ಎರಡು ಬಡಿತ. ಅದೇ ಲಯ! ನಾನು ನಗುತ್ತ ತಿರುಗಿದೆ.

ತಪ್ಪು.

ಹನ್ನೊಂದು ಮೂವತ್ತೆಂಟು. ಉಳಿದದ್ದು ಒಂದೇ ಅವಕಾಶ. ಹೊರಗೆ ಕಟ್ಟೆಯ ಮೇಲಿದ್ದವರು ಎದ್ದು ಬಾಗಿಲಿಗೆ ಬಂದಿದ್ದರು. ಬೊಮ್ಮಣ್ಣ ಬೆರಳು ಮಡಿಸುತ್ತ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದರು. ಯಾವ ಹೆಸರೂ ಬಿಟ್ಟುಹೋಗಿರಲಿಲ್ಲ. ಆಗ ನನಗೆ ಆ ಸಿಪ್ಪೆಯ ಸದ್ದು ನೆನಪಾಯಿತು.

"ಚಿಕ್ಕೀರಪ್ಪನೋರೆ, ಆಗ ಏನು ತಿಂದಿರಿ?"

"ನಾನಾ? ಏನಿಲ್ಲಪ್ಪ. ಕಾಲ್ತಾವ ಒಂದ್ ಶೇಂಗಾ ಬಿದ್ದಿತ್ತು. ಒಂದೇ ಒಂದು."

ಮೂಗಮ್ಮ ಹಣೆ ಚಚ್ಚಿಕೊಂಡರು. "ಅದು ಕಿವಿ ಸೀಳಿದ್ರ ಮರಿ ಕಣೋ! ನುಂಗ್ಬಿಟ್ಯಲ್ಲೋ ಪಾಪಿ!"

"ನಂಗೇನ್ ಗೊತ್ತು ಮೂಗಕ್ಕ, ಹುರ್ದಿತ್ತಲ್ಲ ಅಂತ..."

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡರು. ಗೋಡೆಗೆ ತಿರುಗಿಯೇ ನಿಂತಿದ್ದ ಶ್ರುತಿಯ ಭುಜ ನಗುವಿಗೆ ಅಲುಗುತ್ತಿತ್ತು. ಮೂಗಮ್ಮ ಮಾತ್ರ ನಗದೆ, ಪೊಟ್ಟಣದ ತಳದಲ್ಲಿ ಉಳಿದಿದ್ದ ಒಂದು ಶೇಂಗಾ ತೆಗೆದು, ಅದನ್ನು ಮಡಿಲಿನಲ್ಲಿ ಅದರ ಜಾಗದಲ್ಲಿ ಇಟ್ಟು, ಕಣ್ಣು ಮುಚ್ಚಿದರು. ಈ ಸಲ ತುಂಬ ಹೊತ್ತಾಯಿತು. ಗಿರಣಿಯೂ ನಿಂತಿತ್ತು. ನಾವು ಗೋಡೆಗೆ ತಿರುಗಿದೆವು. ಬಾಗಿಲಲ್ಲಿದ್ದವರೂ ಬೀದಿಗೆ ತಿರುಗಿದರು.

ಎರಡು. ಬಿಡುವು. ಎರಡು.

ಯಾರೂ ತಿರುಗಿ ನೋಡಲು ಸಿದ್ಧರಿರಲಿಲ್ಲ. ಕೊನೆಗೆ ಮೂಗಮ್ಮನವರ ದನಿ ಕೇಳಿಸಿತು: "ಈಗ ಗುರ್ತ್ ಸಿಕ್ತೇನೋ ನಿಂಗೆ?" ಅದು ಕಂಪ್ಯೂಟರಿಗೆ ಹೇಳಿದ್ದು.

ಶ್ರುತಿ ಓಡಿಬಂದು ಪಟ್ಟಿ ತೆರೆದಳು. ಹನ್ನೊಂದು ಐವತ್ತಕ್ಕೆ ಅದು ಮೊಳಕಾಲ್ಮೂರಿಗೆ ಹೋಯಿತು. ಐದು ನಿಮಿಷದ ನಂತರ ಆಸ್ಪತ್ರೆಯಿಂದ ಫೋನು ಬಂತು: ಪಟ್ಟಿ ಸಿಕ್ಕಿದೆ, ಡಬ್ಬಿ ತುಂಬುತ್ತಿದ್ದೇವೆ. ಚಿಕ್ಕೀರಪ್ಪ ಹೊರಗೆ ಹೋಗಿ ಜನರಿಗೆ ಇದನ್ನು ತಾವೇ ಸರಿಪಡಿಸಿದಂತೆ ಹೇಳಿದರು.

ನಾನು ಹೊಸ ಪಾಸ್‌ವರ್ಡ್ ಮಾಡಿ, ಕಾಗದದ ಮೇಲೆ ಬರೆದು, ಈ ಸಲ ಶ್ರುತಿಯ ಕೈಗೆ ಕೊಟ್ಟೆ. ಪಿನ್ನನ್ನೂ ಬದಲಿಸೋಣ ಎಂದೆ.

"ಬದಲಾಗದೆ ಇರೋ ಅಂಕಿ ಹಾಕಿ ಅವ್ವಾ."

"ನನ್ ಫೋನ್ ನಂಬ್ರದ ಕೊನೇ ನಾಲ್ಕು ಹಾಕಿದ್ರೆ?" ಎಂದರು ಬಾಗಿಲಿನಿಂದ ಚಿಕ್ಕೀರಪ್ಪ.

"ಅದು ಊರ್ಗೆಲ್ಲಾ ಗೊತ್ತು, ನೀನ್ ಸುಮ್ಕಿರು." ಮೂಗಮ್ಮ ಮಡಿಲಿನ ಶೇಂಗಾಗಳನ್ನು ನೋಡಿದರು. "ಬೇಡ ಕಣಪ್ಪ. ಅದೇ ಇರ್ಲಿ. ಆ ಸೋಮವಾರದ್ದೇ. ಅದು ಹೋಗಾಗೈತಲ್ಲ, ಇನ್ನೆಲ್ಲಿ ಬದ್ಲಾಗ್ತೈತೆ?"

ಎಂ.ಎ.ಯಲ್ಲಿ ಕಾಲದ ಬಗ್ಗೆ ಒಂದು ಪೂರ್ತಿ ಪತ್ರಿಕೆ ಓದಿದ್ದೆ. ಇಷ್ಟು ಸರಳವಾಗಿ ಅರ್ಥವಾಗಿರಲಿಲ್ಲ.

ಗಾಡಿ ಎರಡು ಗಂಟೆಗೆ ಬಂತು. ಊರಾಚೆ ಕಲ್ಲಿನ ದೊಡ್ಡಿಯಲ್ಲಿ ಕುರಿಗಳು ಕಿಕ್ಕಿರಿದಿದ್ದವು. ಡಾಕ್ಟರ್ ಗಂಗಲಕ್ಷ್ಮಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮೊದಲು ಅಧ್ಯಕ್ಷರ ಮಂದೆ ಬರಲಿ ಎಂದರು.

"ಈಚೆಗೆ ಮರಿ ಹಾಕಿವೆಯಂತಲ್ಲ, ಪಟ್ಟಿಯಲ್ಲಿ ಅವೂ ಸೇರಿವೆಯಾ?"

ಮೂಗಮ್ಮ ನನ್ನ ಕಡೆ ನೋಡಿದರು. ಪಟ್ಟಿ ಹದಿನೇಳು ದಿನ ಹಳೆಯದು.

"ಇಲ್ಲ," ಎಂದರು ಮೂಗಮ್ಮ.

"ಒಳ್ಳೆಯದಾಯಿತು. ಮೂರು ತಿಂಗಳು ತುಂಬದ ಮರಿಗಳಿಗೆ ಹಾಕುವುದಿಲ್ಲ. ಅವನ್ನು ಆಚೆ ಕಟ್ಟಿ."

ಲಸಿಕೆ ಹಾಕುವ ಸಹಾಯಕ ಮೊದಲ ಕುರಿಯ ಚರ್ಮ ಹಿಡಿದು ಚುಚ್ಚಿ, ಅಭ್ಯಾಸದಂತೆ ಗಟ್ಟಿಯಾಗಿ "ಒಂದು" ಎಂದ. ದೊಡ್ಡಿಯ ಸುತ್ತ ನಿಂತವರು ಬೆಚ್ಚಿದರು. "ಎರಡು" ಎಂದ. ಯಾರೋ ಕಿವಿ ಮುಚ್ಚಿಕೊಂಡರು. ಮೆಲ್ಲಗೆ ಎಣಿಸಪ್ಪ ಎಂದರೆ, ಮೆಲ್ಲಗೆ ಎಣಿಸಿದರೆ ನನಗೆ ತಪ್ಪುತ್ತದೆ ಎಂದ. ಮೂಗಮ್ಮ ಚಿಕ್ಕೀರಪ್ಪನವರ ಕಡೆ ಒಮ್ಮೆ ನೋಡಿದರು. ಬೆಳಿಗ್ಗೆಯಿಂದ ತಪ್ಪಿತಸ್ಥರಾಗಿದ್ದ ಚಿಕ್ಕೀರಪ್ಪ ಗಾಡಿಯ ಪಕ್ಕ ಬಿದ್ದಿದ್ದ ಖಾಲಿ ಎಣ್ಣೆ ಡಬ್ಬ ಎತ್ತಿಕೊಂಡು, ಒಂದು ಕೋಲು ಹುಡುಕಿ, ಜೀವ ಹೋಗುವಂತೆ ಬಾರಿಸತೊಡಗಿದರು.

ಸಹಾಯಕನ ತುಟಿ ಅಲುಗುತ್ತಿತ್ತು. ಒಂದಂಕಿಯೂ ಯಾರಿಗೂ ಕೇಳಿಸಲಿಲ್ಲ. ಕುರಿಗಳು ಒಂದೊಂದಾಗಿ ಗೇಟು ದಾಟಿ ಹೋಗುತ್ತಿದ್ದವು. ನಾನು ಎಣಿಸಬಾರದೆಂದು ಬಸ್ಸು ಬರುವ ರಸ್ತೆಯ ಕಡೆ ತಿರುಗಿ ನಿಂತೆ. ಅಷ್ಟರಲ್ಲಿ ಮೂಗಮ್ಮ ಪಕ್ಕಕ್ಕೆ ಬಂದು, ನನ್ನ ಕೈಗೆ ಒಂದು ಹಿಡಿ ಶೇಂಗಾ ಸುರಿದರು.

"ತಿನ್ನು," ಎಂದು ಡಬ್ಬದ ಸದ್ದಿಗೂ ಮೇಲಾಗಿ ಕಿವಿಯಲ್ಲಿ ಕೂಗಿದರು. "ಈಗ ಬರೀ ಶೇಂಗಾನೇ."